ಮನೆ ಸೋರುತ್ತಿಲ್ಲ, ಆದರೂ ವಿಮೆ ಸಿಗುತ್ತಿಲ್ಲ: ಅಮೆರಿಕದ ಹಳೇ ಚಾವಣಿಗಳ ಲೆಕ್ಕ

ಹದಿನೈದು ವರ್ಷ ತಪ್ಪದೆ ಪ್ರೀಮಿಯಂ ಕಟ್ಟಿದ ಮನೆ. ಒಂದೇ ಒಂದು ಕ್ಲೇಮ್ ಆಗಿಲ್ಲ. ಎಂಥ ಮಳೆ ಬಂದರೂ ಒಳಗೆ ಒಂದು ಹನಿ ನೀರು ಬಿದ್ದಿಲ್ಲ. ಹೀಗಿರುವಾಗ ವಿಮಾ ಕಂಪನಿಯಿಂದ ಒಂದು ಪತ್ರ ಬರುತ್ತದೆ. ನಿಮ್ಮ ಚಾವಣಿ ಹಳೆಯದಾಗಿದೆ, ಅವಧಿ ಮುಗಿದ ಮೇಲೆ ಪಾಲಿಸಿ ಮುಂದುವರಿಸುವುದಿಲ್ಲ ಎನ್ನುತ್ತದೆ ಆ ಪತ್ರ. ಕೆಲವರಿಗೆ ಈ ಪತ್ರ ಬರುವುದಿಲ್ಲ. ಪಾಲಿಸಿ ಮುಂದುವರಿಯುತ್ತದೆ, ಆದರೆ ಚಾವಣಿಗೆ ಸಿಗುವ ಪರಿಹಾರ ಅರ್ಧಕ್ಕೋ ಕಾಲಿಗೋ ಇಳಿದಿರುತ್ತದೆ. ಅದು ಗೊತ್ತಾಗುವುದು ಆಲಿಕಲ್ಲು ಬಿದ್ದ ಮೇಲೆ.

ಅಮೆರಿಕದ ಫ್ಲಾರಿಡಾ, ಟೆಕ್ಸಸ್, ಒಕ್ಲಹೋಮ, ಕೊಲರಾಡೊ, ಲೂಸಿಯಾನಾದಂಥ ರಾಜ್ಯಗಳಲ್ಲಿ ಈಚಿನ ವರ್ಷಗಳಲ್ಲಿ ಇದು ಮನೆಮನೆಯ ಮಾತಾಗಿದೆ. ಡಾಲಸ್ ಸುತ್ತಲಿನ ಫ್ರಿಸ್ಕೊ, ಪ್ಲೇನೊ, ಇರ್ವಿಂಗ್‌ನಲ್ಲಿ, ಹ್ಯೂಸ್ಟನ್‌ನಲ್ಲಿ, ಟ್ಯಾಂಪಾದಲ್ಲಿ ಸಾಲ ಮಾಡಿ ಮನೆ ಕೊಂಡ ಕನ್ನಡಿಗರಿಗೂ ಇದೇ ತಲೆನೋವು. ಸುದ್ದಿ ಓದಿದರೆ ಗೊಂದಲ ಇನ್ನೂ ಜಾಸ್ತಿ. ಫ್ಲಾರಿಡಾದಲ್ಲಿ ವಿಮೆ ಮಾರುಕಟ್ಟೆ ಸುಧಾರಿಸುತ್ತಿದೆ, ಹೊಸ ಕಂಪನಿಗಳು ಬರುತ್ತಿವೆ ಎಂಬ ಸುದ್ದಿ ಒಂದು ಕಡೆ. ಸಮುದ್ರದಿಂದ ನೂರಾರು ಮೈಲಿ ದೂರದ ಊರುಗಳಲ್ಲಿ ಪ್ರೀಮಿಯಂ ಏರುತ್ತಿದೆ ಎಂಬ ಸುದ್ದಿ ಇನ್ನೊಂದು ಕಡೆ. ಎರಡೂ ನಿಜ. ಅವೆರಡನ್ನೂ ಜೋಡಿಸುವ ಕೊಂಡಿ ಇರುವುದು ತಲೆಯ ಮೇಲಿನ ಚಾವಣಿಯಲ್ಲಿ.

ಹೆಂಚಲ್ಲ, ಡಾಂಬರಿನ ಹಾಳೆ

ಮೊದಲು ಆ ಚಾವಣಿ ಎಂಥದ್ದು ನೋಡೋಣ. ಅಲ್ಲಿನ ಬಹುಪಾಲು ಮನೆಗಳ ಮೇಲಿರುವುದು ಆಸ್ಫಾಲ್ಟ್ ಶಿಂಗಲ್. ಮರದ ಚೌಕಟ್ಟಿನ ಮೇಲೆ ಮರದ ಹಲಗೆಗಳು, ಅದರ ಮೇಲೆ ನೀರು ತಡೆಯುವ ಒಂದು ಪದರ, ಅದರ ಮೇಲೆ ಸಾಲುಸಾಲಾಗಿ ಮೊಳೆ ಹೊಡೆದ ಶಿಂಗಲ್‌ಗಳು. ಒಂದು ಶಿಂಗಲ್ ಕೈಗೆತ್ತಿಕೊಂಡರೆ ದಪ್ಪ ರಟ್ಟಿನ ಹಾಗೆ ಇರುತ್ತದೆ. ಒಳಗೆ ಗಾಜಿನ ನಾರಿನ ಹಾಳೆ, ಅದಕ್ಕೆ ಬಳಿದ ಡಾಂಬರು, ಮೇಲ್ಭಾಗದಲ್ಲಿ ಒತ್ತಿದ ಸಣ್ಣ ಕಲ್ಲಿನ ಹರಳು. ಆ ಹರಳು ಅಂದಕ್ಕೆ ಮಾತ್ರ ಅಲ್ಲ. ಬಿಸಿಲಿನಿಂದ ಡಾಂಬರನ್ನು ಕಾಪಾಡುವುದೇ ಅದು. ಪ್ರತಿ ಶಿಂಗಲ್‌ಗೂ ಒಂದು ಅಂಟಿನ ಪಟ್ಟಿ ಇರುತ್ತದೆ. ಬಿಸಿಲಿಗೆ ಅಂಟು ಕರಗಿ, ಮೇಲಿನ ಸಾಲು ಕೆಳಗಿನ ಸಾಲಿಗೆ ಕಚ್ಚಿಕೊಳ್ಳುತ್ತದೆ.

ವಯಸ್ಸಾದಂತೆ ಹರಳು ಉದುರುತ್ತದೆ. ಮಳೆ ನಿಂತ ಮೇಲೆ ಚಾವಣಿಯಂಚಿನ ನೀರು ಹರಿಯುವ ಗಟರ್‌ನಲ್ಲಿ ಕೈಯಾಡಿಸಿದರೆ ಕಾಫಿ ಚರಟದ ಹಾಗೆ ಕಪ್ಪು ಪುಡಿ ಸಿಗುತ್ತದಲ್ಲ, ಅದು ಇದೇ. ಹರಳು ಹೋದ ಜಾಗದಲ್ಲಿ ಡಾಂಬರು ಒಣಗಿ ಬಿರಿಯುತ್ತದೆ. ಅಂಟು ಬಿಡುತ್ತದೆ, ಅಂಚು ಮೇಲಕ್ಕೆ ಮುದುಡುತ್ತದೆ. ಆಮೇಲೆ ಗಾಳಿಗೆ ಒಳನುಗ್ಗಲು ದಾರಿ ಸಿಕ್ಕಿತು ಅಂತಲೇ ಅರ್ಥ. 30 ವರ್ಷ ಬರುತ್ತದೆ ಎಂದು ಮಾರಿದ ಶಿಂಗಲ್ ಕೂಡ ಟೆಕ್ಸಸ್, ಫ್ಲಾರಿಡಾದ ಬಿಸಿಲಿನಲ್ಲಿ ಅನೇಕ ಸಲ ಅದಕ್ಕಿಂತ ಬಹಳ ಮೊದಲೇ ಸೋಲುತ್ತದೆ.

ಇಲ್ಲಿ ಇನ್ನೊಂದು ವಿಷಯ ಗಮನಿಸಬೇಕು. ನಮ್ಮ ಕರಾವಳಿ, ಮಲೆನಾಡಿನ ಮಾಡಿನಲ್ಲಿ ನಾಲ್ಕು ಹೆಂಚು ಒಡೆದರೆ ಆ ನಾಲ್ಕನ್ನೇ ಬದಲಿಸಿದರಾಯಿತು. ಮಳೆಗಾಲಕ್ಕೆ ಮುಂಚೆ ಒಬ್ಬರು ಮಾಡಿಗೆ ಹತ್ತಿ ಅರ್ಧ ದಿನದಲ್ಲಿ ಮುಗಿಸುತ್ತಾರೆ. ಶಿಂಗಲ್ ಹಾಗಲ್ಲ. ಹಳೆಯದೊಂದನ್ನು ಕೀಳಲು ಹೋದರೆ ಅಂಟಿಕೊಂಡಿರುವ ಪಕ್ಕದ್ದೂ ಬಿರಿಯುತ್ತದೆ. ಹದಿನೈದು ವರ್ಷದ ಹಿಂದಿನ ಬಣ್ಣ, ಅಳತೆ ಈಗ ಅಂಗಡಿಯಲ್ಲಿ ಸಿಗದೆಯೂ ಇರಬಹುದು. ಹಾಗಾಗಿ ಸಣ್ಣ ಪೆಟ್ಟು ಬಿದ್ದರೂ ಒಂದು ಇಳಿಜಾರನ್ನೇ, ಎಷ್ಟೋ ಸಲ ಇಡೀ ಚಾವಣಿಯನ್ನೇ ಕಿತ್ತು ಹೊಸದು ಹಾಕಬೇಕಾಗುತ್ತದೆ. ಎಲ್ಲ ಜಗಳದ ಬೇರು ಇಲ್ಲಿದೆ: ಪೆಟ್ಟು ಚಿಕ್ಕದು, ಬಿಲ್ ದೊಡ್ಡದು.

ಒಂದು ಆಲಿಕಲ್ಲು ಮಳೆ, ಬೀದಿಗೆಲ್ಲ ಹೊಸ ಚಾವಣಿ

ಅಮೆರಿಕದ ಹವಾಮಾನ ಇಲಾಖೆ 1 ಇಂಚು ಅಥವಾ ಅದಕ್ಕಿಂತ ದೊಡ್ಡ ಆಲಿಕಲ್ಲನ್ನು ಅಪಾಯಕಾರಿ ಎಂದು ಎಣಿಸುತ್ತದೆ. ನೆಲ್ಲಿಕಾಯಿ ಗಾತ್ರ ಅಂದುಕೊಳ್ಳಿ. ವಸಂತದಲ್ಲಿ ಟೆಕ್ಸಸ್‌ನಿಂದ ಕೊಲರಾಡೊ, ನೆಬ್ರಾಸ್ಕಾವರೆಗಿನ ಬಯಲಿನಲ್ಲಿ ಇದಕ್ಕಿಂತ ದೊಡ್ಡ ಆಲಿಕಲ್ಲು ಹೊಸದೇನಲ್ಲ. ಬಿದ್ದ ಕಡೆ ಹರಳು ಸಿಡಿದು ಒಂದು ಕಪ್ಪು ಚುಕ್ಕೆ ಉಳಿಯುತ್ತದೆ, ಅಷ್ಟೇ. ಮನೆ ಅವತ್ತೇ ಸೋರುವುದಿಲ್ಲ. ಆದರೆ ಆ ಚುಕ್ಕೆಯ ಕೆಳಗಿನ ಗಾಜಿನ ನಾರು ಬಿರುಕು ಬಿಟ್ಟಿದ್ದರೆ ಎರಡು ಮೂರು ವರ್ಷದಲ್ಲಿ ನೀರು ದಾರಿ ಮಾಡಿಕೊಳ್ಳುತ್ತದೆ.

ಮಳೆಯಾದ ಮೇಲೆ ಕಂಪನಿಯ ಅಡ್ಜಸ್ಟರ್, ಅಂದರೆ ನಷ್ಟದ ಅಂದಾಜು ಮಾಡುವವರು, ಬರುತ್ತಾರೆ. ಏಣಿ ಹಾಕಿ ಹತ್ತಿ, ಸೀಮೆಸುಣ್ಣದಲ್ಲಿ 10 ಅಡಿಗೆ 10 ಅಡಿಯ ಚೌಕ ಬರೆದು, ಅದರೊಳಗೆ ಆಲಿಕಲ್ಲು ಬಿದ್ದ ಗುರುತುಗಳಿಗೆ ಒಂದೊಂದೇ ಸುತ್ತು ಹಾಕುತ್ತಾರೆ. ಹೀಗೆ ಪ್ರತಿ ಇಳಿಜಾರಿಗೂ ಒಂದು ಚೌಕ. ಎಷ್ಟು ಸುತ್ತು ಎಂಬುದರ ಮೇಲೆ ರಿಪೇರಿಯೋ ಹೊಸ ಚಾವಣಿಯೋ ತೀರ್ಮಾನ. ಇದು ಆಲಿಕಲ್ಲಿನ ಗುರುತು ಎಂದು ಕಂಟ್ರಾಕ್ಟರ್ ಹೇಳುತ್ತಾರೆ. ಅಲ್ಲ, ವಯಸ್ಸಾಗಿ ಉದುರಿದ್ದು ಎಂದು ಅಡ್ಜಸ್ಟರ್ ಹೇಳುತ್ತಾರೆ. ಆಲಿಕಲ್ಲಿಗೆ ವಿಮೆ ಉಂಟು, ವಯಸ್ಸಿಗೆ ಇಲ್ಲ. ಕೆಳಗೆ ನಿಂತ ಮನೆಯವರಿಗೆ ಯಾರು ಸರಿ ಎಂದು ತಿಳಿಯುವ ದಾರಿಯೇ ಇಲ್ಲ.

ಬಹಳ ವರ್ಷ ಕಂಪನಿಗಳು ಈ ಜಗಳಕ್ಕೆ ಹೋಗುತ್ತಿರಲಿಲ್ಲ. ಹೊಸ ಚಾವಣಿಯ ಪೂರ್ತಿ ಹಣ ಕೊಟ್ಟುಬಿಡುತ್ತಿದ್ದವು. ಮಳೆಯಾದ ಮರುದಿನವೇ ರೂಫಿಂಗ್ ಕಂಟ್ರಾಕ್ಟರ್‌ಗಳು ಬಾಗಿಲು ತಟ್ಟುತ್ತಿದ್ದರು. 18 ವರ್ಷ ಬಿಸಿಲು ತಿಂದ ಚಾವಣಿಗೆ ಒಂದು ಸಂಜೆಯ ಮಳೆಯಿಂದ ಹೊಸ ಜನ್ಮ ಸಿಗುತ್ತಿತ್ತು. ಮನೆಯವರು ಇದರಲ್ಲಿ ಮೋಸ ಮಾಡಿದರು ಎನ್ನಲಾಗದು. ಪಾಲಿಸಿಯಲ್ಲೇ ಹಾಗೆ ಬರೆದಿತ್ತು. ಆದರೆ ನಿಧಾನವಾಗಿ ಆಕಸ್ಮಿಕಕ್ಕೆ ಇದ್ದ ವಿಮೆ, ಸವೆದ ಚಾವಣಿ ಬದಲಿಸುವ ಚೀಟಿ ಫಂಡಿನಂತಾಯಿತು.

ಕಾರ್ಮಿಕರ ಕೂಲಿ, ಶಿಂಗಲ್ ಬೆಲೆ ಕಡಿಮೆ ಇದ್ದಷ್ಟು ದಿನ ಇದು ನಡೆಯಿತು. 2020ರ ನಂತರ ಕಟ್ಟಡ ಸಾಮಗ್ರಿಯ ಬೆಲೆ, ಕೂಲಿ ಎರಡೂ ಏರಿದವು. ಅದಕ್ಕೂ ಮುಂಚಿನಿಂದಲೇ ನಗರಗಳು ಬಯಲಿನ ಕಡೆಗೆ ಹರಡುತ್ತಿದ್ದವು. ಹಿಂದೆ ಹುಲ್ಲುಗಾವಲಿನ ಮೇಲೆ ಬಿದ್ದು ಕರಗುತ್ತಿದ್ದ ಆಲಿಕಲ್ಲು ಈಗ ಸಾವಿರಾರು ಮನೆಗಳ ಮೇಲೆ ಬೀಳುತ್ತದೆ. 2017ರ ಮೇ 8ರಂದು ಡೆನ್ವರ್ ಸುತ್ತಮುತ್ತ ಬಿದ್ದ ಆಲಿಕಲ್ಲು ಮಳೆಯೊಂದಕ್ಕೇ ಸುಮಾರು 230 ಕೋಟಿ ಡಾಲರ್ ಪರಿಹಾರ ಹೋಯಿತು. 2023ರಲ್ಲಿ ಆಲಿಕಲ್ಲು, ಸುಂಟರಗಾಳಿ, ಗುಡುಗು ಬಿರುಗಾಳಿಗಳಿಂದ ಅಮೆರಿಕದ ವಿಮಾ ಕಂಪನಿಗಳಿಗೆ 5,000 ಕೋಟಿ ಡಾಲರ್‌ಗೂ ಜಾಸ್ತಿ ನಷ್ಟವಾಯಿತು. ಆ ವರ್ಷ ಯಾವ ದೊಡ್ಡ ನಗರಕ್ಕೂ ಭಾರಿ ಚಂಡಮಾರುತ ನೇರವಾಗಿ ಅಪ್ಪಳಿಸಿರಲಿಲ್ಲ. ಅಂದರೆ ಹೆಸರಿಲ್ಲದ ಸಣ್ಣಪುಟ್ಟ ಬಿರುಗಾಳಿಗಳೇ ಸೇರಿ ಒಂದು ದೊಡ್ಡ ಚಂಡಮಾರುತದಷ್ಟು ಹಣ ತಿಂದವು. ಸಮುದ್ರ ಕಾಣದ ಊರುಗಳಲ್ಲೂ ಪ್ರೀಮಿಯಂ ಏರಿದ್ದಕ್ಕೆ ಇದು ದೊಡ್ಡ ಕಾರಣ.

ಫ್ಲಾರಿಡಾದ ಕತೆಯೇ ಬೇರೆ

ಫ್ಲಾರಿಡಾದಲ್ಲಿ ಗಾಳಿಯ ಜೊತೆ ಕಾನೂನೂ ಸೇರಿಕೊಂಡಿತು.

1992ರ ಆಗಸ್ಟ್‌ನಲ್ಲಿ ಮಯಾಮಿಯ ದಕ್ಷಿಣಕ್ಕೆ ಆ್ಯಂಡ್ರೂ ಚಂಡಮಾರುತ ಅಪ್ಪಳಿಸಿತು. ಹಲವು ವಿಮಾ ಕಂಪನಿಗಳು ಅದರ ಹೊಡೆತಕ್ಕೆ ದಿವಾಳಿಯಾದವು. ದೊಡ್ಡ ಕಂಪನಿಗಳು ಆ ರಾಜ್ಯದಲ್ಲಿ ವ್ಯವಹಾರ ಕುಗ್ಗಿಸಿದವು. ಉಳಿದ ಜಾಗವನ್ನು ತುಂಬಿದ್ದು ಫ್ಲಾರಿಡಾದಲ್ಲಿ ಮಾತ್ರ ವ್ಯವಹಾರ ಮಾಡುವ ಸಣ್ಣ ಕಂಪನಿಗಳು. ಅವುಗಳ ಸ್ವಂತ ಬಂಡವಾಳ ಕಡಿಮೆ. ಹಾಗಾಗಿ ಅವು ದೊಡ್ಡ ನಷ್ಟದ ಹೊರೆಯನ್ನು ಮರುವಿಮೆ ಕಂಪನಿಗಳಿಗೆ ದಾಟಿಸುತ್ತವೆ. ಮರುವಿಮೆ ಎಂದರೆ ವಿಮಾ ಕಂಪನಿಯೇ ಮಾಡಿಸಿಕೊಳ್ಳುವ ವಿಮೆ. ಅದರ ದರ ಏರಿದರೆ ಮನೆಯವರ ಪ್ರೀಮಿಯಂ ಏರಲೇಬೇಕು. ಯಾರೂ ವಿಮೆ ಕೊಡದವರಿಗಾಗಿ 2002ರಲ್ಲಿ ಆ ರಾಜ್ಯದ ಶಾಸನಸಭೆ ಸಿಟಿಜನ್ಸ್ ಪ್ರಾಪರ್ಟಿ ಇನ್ಶೂರೆನ್ಸ್ ಎಂಬ ಸಂಸ್ಥೆ ಮಾಡಿತು. ಕೊನೆಯ ಆಸರೆ ಎಂದು ಹುಟ್ಟಿದ್ದು ಅದು. 2023ರ ಹೊತ್ತಿಗೆ ಅದೇ 14 ಲಕ್ಷ ಪಾಲಿಸಿಗಳೊಂದಿಗೆ ರಾಜ್ಯದ ಅತಿ ದೊಡ್ಡ ಮನೆ ವಿಮಾ ಸಂಸ್ಥೆಯಾಗಿ ನಿಂತಿತು.

ಚಾವಣಿ ವಿಷಯದಲ್ಲಿ ಅಲ್ಲಿ ಮೂರು ಗಂಟುಗಳಿದ್ದವು. ಒಂದು, ಕಟ್ಟಡ ನಿಯಮ. ಚಾವಣಿಯ ಒಂದು ಭಾಗದ ಶೇ 25ಕ್ಕಿಂತ ಹೆಚ್ಚು ರಿಪೇರಿ ಬಂದರೆ ಆ ಭಾಗವನ್ನು ಪೂರ್ತಿಯಾಗಿ ಹೊಸ ನಿಯಮದಂತೆ ಮಾಡಬೇಕಿತ್ತು. ಹಾಗಾಗಿ ಶೇ 24 ಹಾಳಾಗಿದೆಯೋ ಶೇ 26 ಹಾಳಾಗಿದೆಯೋ ಎಂಬುದು ಸಾವಿರಾರು ಡಾಲರ್‌ಗಳ ಪ್ರಶ್ನೆ. ಎರಡನೆಯದು, ಹಕ್ಕು ವರ್ಗಾವಣೆ. ಮನೆಯವರು ಕಂಟ್ರಾಕ್ಟರ್ ಕೊಟ್ಟ ಕಾಗದಕ್ಕೆ ಸಹಿ ಹಾಕಿದರೆ ಕ್ಲೇಮ್ ಹಣ ಪಡೆಯುವ, ಬೇಕಾದರೆ ಕಂಪನಿಯ ಮೇಲೆ ದಾವೆ ಹೂಡುವ ಹಕ್ಕೂ ಕಂಟ್ರಾಕ್ಟರ್‌ಗೆ ಹೋಗುತ್ತಿತ್ತು. ಮೂರನೆಯದು, ವಕೀಲರ ಶುಲ್ಕ. ಕೇಸಿನಲ್ಲಿ ಮನೆಯವರು ಗೆದ್ದರೆ ಅವರ ವಕೀಲರ ಶುಲ್ಕವನ್ನೂ ವಿಮಾ ಕಂಪನಿಯೇ ಕೊಡಬೇಕಿತ್ತು. ಸೋತರೆ ಮನೆಯವರು ಕಂಪನಿಯ ವಕೀಲರಿಗೆ ಏನೂ ಕೊಡಬೇಕಿರಲಿಲ್ಲ. ದೊಡ್ಡ ಕಂಪನಿಯ ಎದುರು ಬಡವನಿಗೆ ಬಲ ಕೊಡಲು ಮಾಡಿದ ಹಳೇ ಕಾನೂನು ಅದು. ಉದ್ದೇಶ ಒಳ್ಳೆಯದೇ. ಆದರೆ ಮೂರೂ ಸೇರಿದಾಗ ಕೇಸು ಹಾಕುವುದೇ ಒಂದು ಉದ್ಯಮವಾಯಿತು. 2019ರಲ್ಲಿ ಇಡೀ ದೇಶದ ಮನೆ ವಿಮೆ ಕ್ಲೇಮ್‌ಗಳಲ್ಲಿ ಫ್ಲಾರಿಡಾದ ಪಾಲು ಸುಮಾರು ಶೇ 8. ಮನೆ ವಿಮೆಯ ಕೋರ್ಟ್ ಕೇಸುಗಳಲ್ಲಿ ಅದರ ಪಾಲು ಸುಮಾರು ಶೇ 76! ಇದು ಆ ರಾಜ್ಯದ ವಿಮಾ ನಿಯಂತ್ರಣ ಕಚೇರಿಯೇ ಕೊಟ್ಟ ಲೆಕ್ಕ.

ಕಂಪನಿಗಳು ಇದಕ್ಕೆ ಕಂಡುಕೊಂಡ ಉಪಾಯ ಹಳೇ ಚಾವಣಿಯ ಮನೆಯನ್ನೇ ಮುಟ್ಟದಿರುವುದು. ಹತ್ತು ವರ್ಷ ದಾಟಿದ ಚಾವಣಿ ಎಂದರೆ ಸಾಕು, ಬೇಡ ಎನ್ನುವ ಕಂಪನಿಗಳೂ ಇದ್ದವು. 2022ರ ಮೇ ತಿಂಗಳಲ್ಲಿ ಶಾಸನಸಭೆ ವಿಶೇಷ ಅಧಿವೇಶನದಲ್ಲಿ ಇದಕ್ಕೆ ಗೆರೆ ಎಳೆಯಿತು. 15 ವರ್ಷದೊಳಗಿನ ಚಾವಣಿಯನ್ನು ಬರೀ ವಯಸ್ಸಿನ ಕಾರಣಕ್ಕೆ ನಿರಾಕರಿಸುವ ಹಾಗಿಲ್ಲ. 15 ದಾಟಿದ್ದರೆ ತಪಾಸಣೆ ಮಾಡಿಸಲು ಅವಕಾಶ ಕೊಡಬೇಕು. ಇನ್ನೂ 5 ವರ್ಷವಾದರೂ ಬಾಳುತ್ತದೆ ಎಂದು ತಪಾಸಕರು ಬರೆದುಕೊಟ್ಟರೆ ಆಗಲೂ ವಯಸ್ಸೊಂದನ್ನೇ ನೆಪ ಮಾಡುವಂತಿಲ್ಲ. ಶೇ 25ರ ನಿಯಮವನ್ನೂ ಸಡಿಲಿಸಿದರು. 2007ರ ಕಟ್ಟಡ ಸಂಹಿತೆ ಅಥವಾ ಅದರ ನಂತರದ್ದಕ್ಕೆ ಹೊಂದುವ ಚಾವಣಿಯಾದರೆ ಹಾಳಾದ ಭಾಗವನ್ನಷ್ಟೇ ರಿಪೇರಿ ಮಾಡಿದರೆ ಸಾಕು.

ಅದಾಗಿ ನಾಲ್ಕು ತಿಂಗಳಿಗೆ, ಸೆಪ್ಟೆಂಬರ್ 28ರಂದು, ಇಯಾನ್ ಚಂಡಮಾರುತ ಫೋರ್ಟ್ ಮೈಯರ್ಸ್ ಕಡೆಯ ಕರಾವಳಿಯನ್ನು ಚಿಂದಿ ಮಾಡಿತು. ಡಿಸೆಂಬರ್‌ನಲ್ಲಿ ಇನ್ನೊಂದು ವಿಶೇಷ ಅಧಿವೇಶನ. ಈ ಸಲ ವಕೀಲರ ಶುಲ್ಕದ ಆ ನಿಯಮವನ್ನೂ ಹಕ್ಕು ವರ್ಗಾವಣೆಯನ್ನೂ ತೆಗೆದರು. ಹೊಸ ಕ್ಲೇಮ್ ಹಾಕುವ ಅವಧಿಯನ್ನು ಒಂದು ವರ್ಷಕ್ಕೆ ಇಳಿಸಿದರು. ಕೇಸುಗಳು ಇಳಿದವು, ಹೊಸ ಕಂಪನಿಗಳು ಬಂದವು, ಸಿಟಿಜನ್ಸ್‌ನ ಪಾಲಿಸಿಗಳ ಸಂಖ್ಯೆ 2024ರ ಕೊನೆಗೆ 10 ಲಕ್ಷಕ್ಕಿಂತ ಕೆಳಗೆ ಬಂತು. "ಸುಧಾರಣೆ" ಎಂದು ಸುದ್ದಿಯಲ್ಲಿ ಬರುವುದು ಇದನ್ನೇ. ದರ ಏರುವ ವೇಗ ತಗ್ಗಿದೆ ಎಂಬುದು ಸರಿ. ಆದರೆ ಏರಿ ಕೂತ ದರ ಹಳೆಯ ಮಟ್ಟಕ್ಕೆ ಇಳಿದಿಲ್ಲ. ನ್ಯಾಯವಾದ ಕ್ಲೇಮ್ ತಿರಸ್ಕೃತವಾದವರಿಗೆ ಈಗ ವಕೀಲರು ಸಿಗುವುದೂ ಕಷ್ಟ.

ಸಣ್ಣ ಅಕ್ಷರದ ದೊಡ್ಡ ಬದಲಾವಣೆ

ಪಾಲಿಸಿ ನಿಂತುಹೋದರೆ ಕನಿಷ್ಠ ಅದು ಗೊತ್ತಾಗುತ್ತದೆ. ಹೆಚ್ಚು ಅಪಾಯ ಇರುವುದು ಪಾಲಿಸಿ ಮುಂದುವರಿದು, ಒಳಗಿನ ತಿರುಳು ಬದಲಾದಾಗ. ಎರಡು ಪದ ತಿಳಿದಿರಬೇಕು.

"ರಿಪ್ಲೇಸ್‌ಮೆಂಟ್ ಕಾಸ್ಟ್" ಎಂದರೆ ಇವತ್ತಿನ ಬೆಲೆಗೆ ಹೊಸ ಚಾವಣಿ. "ಆ್ಯಕ್ಚುಯಲ್ ಕ್ಯಾಶ್ ವ್ಯಾಲ್ಯೂ" ಎಂದರೆ ಹೊಸ ಬೆಲೆಯಿಂದ ಸವಕಳಿ ಕಳೆದು ಉಳಿದದ್ದು. ಹಳೇ ಸ್ಕೂಟರ್ ಕಳೆದುಹೋದರೆ ಹೊಸ ಸ್ಕೂಟರಿನ ಬೆಲೆ ಸಿಗುವುದಿಲ್ಲವಲ್ಲ, ಹಾಗೆ. ಮನೆಗೆಲ್ಲ ಮೊದಲನೆಯದನ್ನು ಇಟ್ಟು, ಚಾವಣಿಗೆ ಮಾತ್ರ ಎರಡನೆಯದನ್ನು ಸೇರಿಸುವ ಪಾಲಿಸಿಗಳು ಈಗ ಜಾಸ್ತಿಯಾಗಿವೆ. ವಯಸ್ಸಿಗೆ ತಕ್ಕಂತೆ ಎಷ್ಟು ಶೇಕಡ ಕೊಡುತ್ತೇವೆ ಎಂಬ ಪಟ್ಟಿಯನ್ನೇ ಪಾಲಿಸಿಗೆ ಅಂಟಿಸುವುದೂ ಉಂಟು.

ಇದರ ಜೊತೆಗೆ ಡಿಡಕ್ಟಿಬಲ್ ಬದಲಾಗಿದೆ. ಕಂಪನಿ ಕೊಡುವುದಕ್ಕೆ ಮುಂಚೆ ನಾವು ಕೈಯಿಂದ ಹಾಕಬೇಕಾದ ಹಣ ಅದು. ಮೊದಲು 1,000 ಡಾಲರ್ ಎಂದು ನೇರವಾಗಿ ಇರುತ್ತಿತ್ತು. ಈಗ ಗಾಳಿ, ಆಲಿಕಲ್ಲಿಗೆ ಬೇರೆಯೇ ಡಿಡಕ್ಟಿಬಲ್: ಶೇ 1, ಶೇ 2, ಕೆಲವು ಕಡೆ ಶೇ 5. ತುಂಬಾ ಜನ ಇದನ್ನು ನಷ್ಟದ ಶೇ 2 ಅಂದುಕೊಳ್ಳುತ್ತಾರೆ. ಅಲ್ಲ. ಮನೆಗೆ ಎಷ್ಟು ಮೊತ್ತದ ವಿಮೆ ಇದೆಯೋ ಅದರ ಶೇ 2.

ಒಂದು ಲೆಕ್ಕ ಹಾಕಿ ನೋಡೋಣ. ಮನೆಯ ವಿಮೆ 4 ಲಕ್ಷ ಡಾಲರ್. ಹೊಸ ಚಾವಣಿಗೆ 20,000 ಡಾಲರ್. ಈಗಿರುವ ಚಾವಣಿಗೆ 15 ವರ್ಷ, ಅದರ ಆಯಸ್ಸು 20 ವರ್ಷ ಎಂದು ಕಂಪನಿಯ ಲೆಕ್ಕ. ಹಳೇ ಪಾಲಿಸಿಯಲ್ಲಿ 1,000 ಕಳೆದು 19,000 ಡಾಲರ್ ಕೈಗೆ ಬರುತ್ತಿತ್ತು. ಡಿಡಕ್ಟಿಬಲ್ ಶೇ 2 ಆದರೆ 8,000 ಕಳೆದು 12,000. ಅದರ ಮೇಲೆ ಸವಕಳಿಯ ಷರತ್ತೂ ಬಂದರೆ? ಚಾವಣಿಯ ಬೆಲೆಯೇ 5,000ಕ್ಕೆ ಇಳಿಯಿತು. ಅದರಲ್ಲಿ 8,000 ಕಳೆಯಬೇಕು. ಕೈಗೆ ಬರುವುದು ಸೊನ್ನೆ. ಪ್ರೀಮಿಯಂ ಕಟ್ಟುತ್ತಲೇ ಇದ್ದೀರಿ, ಪಾಲಿಸಿ ಚಾಲ್ತಿಯಲ್ಲೇ ಇದೆ, ಆದರೆ ಚಾವಣಿಗೆ ವಿಮೆಯೇ ಇಲ್ಲದ ಸ್ಥಿತಿ.

ರಿಪ್ಲೇಸ್‌ಮೆಂಟ್ ಕಾಸ್ಟ್ ಇರುವವರಿಗೂ ಹಣ ಒಂದೇ ಸಲ ಬರುವುದಿಲ್ಲ. ಮೊದಲು ಸವಕಳಿ ಕಳೆದ ಮೊತ್ತ, ಕೆಲಸ ಮುಗಿಸಿ ಬಿಲ್ ತೋರಿಸಿದ ಮೇಲೆ ಉಳಿದದ್ದು. "ಡಿಡಕ್ಟಿಬಲ್ ನಾವೇ ನೋಡಿಕೊಳ್ಳುತ್ತೇವೆ, ನೀವು ಏನೂ ಕೊಡಬೇಡಿ" ಎಂದು ಯಾರಾದರೂ ಕಂಟ್ರಾಕ್ಟರ್ ಹೇಳಿದರೆ ಹುಷಾರಾಗಿರಬೇಕು. ಟೆಕ್ಸಸ್‌ನಲ್ಲಿ 2019ರ ಕಾನೂನಿನ ಪ್ರಕಾರ ಅದು ಅಪರಾಧ. ಡಿಡಕ್ಟಿಬಲ್ ಕೊಟ್ಟದ್ದಕ್ಕೆ ಪುರಾವೆ ತೋರಿಸಿ ಎಂದು ಕಂಪನಿ ಕೇಳಬಹುದು.

ಆಕಾಶದಿಂದ ತೆಗೆದ ಫೋಟೊ

ಹಿಂದೆ ಚಾವಣಿ ನೋಡಲು ಯಾರಾದರೂ ಮನೆಗೆ ಬರಬೇಕಿತ್ತು. ಈಗ ವಿಮಾನ, ಡ್ರೋನ್, ಉಪಗ್ರಹದ ಚಿತ್ರಗಳನ್ನು ಕಂಪನಿಗಳು ಕೊಳ್ಳುತ್ತವೆ. ಕಂಪ್ಯೂಟರ್ ಅವನ್ನು ನೋಡಿ ಪ್ರತಿ ಚಾವಣಿಗೂ ಅಂಕ ಕೊಡುತ್ತದೆ. ಮನೆಯವರಿಗೆ ಫೋಟೊ ತೆಗೆದದ್ದೇ ಗೊತ್ತಿರುವುದಿಲ್ಲ.

ಕಂಪನಿಯ ದೃಷ್ಟಿಯಲ್ಲಿ ಇದು ಅಗ್ಗ, ಬೇಗ. ಲಕ್ಷಾಂತರ ಮನೆಗೆ ಏಣಿ ಹಾಕಲು ಆಗುವುದಿಲ್ಲ, ಒಪ್ಪಬೇಕಾದ ಮಾತು. ತೊಂದರೆ ಇರುವುದು ಚಿತ್ರ ಓದುವುದರಲ್ಲಿ. ತೇವ ಇರುವ ಊರುಗಳಲ್ಲಿ ಶಿಂಗಲ್ ಮೇಲೆ ಪಾಚಿ ಬೆಳೆದು ಕಪ್ಪು ಪಟ್ಟೆ ಬೀಳುತ್ತದೆ. ನೋಡಲು ಕೆಟ್ಟದಾಗಿ ಕಂಡರೂ ಅದರಿಂದ ಚಾವಣಿ ದುರ್ಬಲವಾಯಿತು ಎನ್ನಲಾಗದು. ಮರದ ನೆರಳು, ಬಿದ್ದ ಎಲೆ ಕೂಡ ಮೇಲಿಂದ ಬೇರೆ ರೀತಿ ಕಾಣಬಹುದು. ಪೆನ್ಸಿಲ್ವೇನಿಯಾದ ವಿಮಾ ಇಲಾಖೆ 2024ರಲ್ಲಿ ಈ ಬಗ್ಗೆ ಕಂಪನಿಗಳಿಗೆ ಎಚ್ಚರಿಕೆ ಕೊಟ್ಟಿತು. ಬರೀ ಬಣ್ಣ ಮಾಸಿದ್ದು, ಪಟ್ಟೆ ಬಿದ್ದದ್ದು ಕಾರಣವಾಗಿ ಪಾಲಿಸಿ ನಿಲ್ಲಿಸುವುದು ಸರಿಯಲ್ಲ ಎಂಬುದು ಅದರ ತಾತ್ಪರ್ಯ. ಆದರೆ ಅಮೆರಿಕದಲ್ಲಿ ವಿಮೆಯ ನಿಯಂತ್ರಣ ಆಯಾ ರಾಜ್ಯಗಳ ಕೈಯಲ್ಲಿದೆ. 1945ರ ಕಾನೂನು ಗಟ್ಟಿ ಮಾಡಿದ ಏರ್ಪಾಡು ಅದು. ಪೆನ್ಸಿಲ್ವೇನಿಯಾದ ಮಾತು ಟೆಕ್ಸಸ್‌ನಲ್ಲಿ ನಡೆಯುವುದಿಲ್ಲ. ಫ್ಲಾರಿಡಾದ 15 ವರ್ಷದ ರಕ್ಷಣೆ ಒಕ್ಲಹೋಮಕ್ಕೆ ಬರುವುದಿಲ್ಲ.

ಯಾರ ಮಾತಿನಲ್ಲಿ ಎಷ್ಟು ಹುರುಳು

ಹಳೇ ಚಾವಣಿಗೆ ಹೊಸದರ ಬೆಲೆ ಕೊಡುತ್ತಾ ಹೋದರೆ ಆ ಹಣ ಎಲ್ಲರ ಪ್ರೀಮಿಯಂನಿಂದಲೇ ಬರಬೇಕು ಎನ್ನುತ್ತವೆ ಕಂಪನಿಗಳು. ತನ್ನ ಖರ್ಚಿನಲ್ಲಿ ಚಾವಣಿ ಬದಲಿಸಿಕೊಂಡವರು ಪಕ್ಕದ ಮನೆಯವರ ಹೊಸ ಚಾವಣಿಗೂ ದುಡ್ಡು ಕೊಟ್ಟಂತಾಗುತ್ತದೆ. ಈ ಮಾತು ನಿಜ. ಸವೆತಕ್ಕೆ ವಿಮೆ ಇರಲಾರದು.

ಗ್ರಾಹಕರ ಪರ ಇರುವವರ ಮಾತು ಬೇರೆ. ಚಾವಣಿ ಚೆನ್ನಾಗಿದ್ದಾಗ ವರ್ಷಗಟ್ಟಲೆ ಪ್ರೀಮಿಯಂ ತೆಗೆದುಕೊಂಡು, ಅಪಾಯ ಬರುವ ಹೊತ್ತಿಗೆ ಕೈಬಿಟ್ಟರೆ ಅದೆಂಥ ವಿಮೆ? ವಯಸ್ಸು ಒಂದು ಅಂದಾಜು ಮಾತ್ರ. ಚೆನ್ನಾಗಿ ಮೊಳೆ ಹೊಡೆದು, ಗಾಳಿಯಾಡುವ ಅಟ್ಟ ಇಟ್ಟುಕೊಂಡ 18 ವರ್ಷದ ಚಾವಣಿ, ಅವಸರದಲ್ಲಿ ಹಾಕಿದ 8 ವರ್ಷದ ಚಾವಣಿಗಿಂತ ಗಟ್ಟಿಯಾಗಿರಬಹುದು. ಈ ಮಾತೂ ನಿಜ.

ರೂಫಿಂಗ್ ಕಂಟ್ರಾಕ್ಟರ್‌ಗಳು, ಕೆಲವು ಕಳ್ಳರ ಹೆಸರಲ್ಲಿ ಎಲ್ಲರನ್ನೂ ಅನುಮಾನಿಸುತ್ತಿದ್ದಾರೆ ಎನ್ನುತ್ತಾರೆ. ರಾಜ್ಯದ ವಿಮಾ ನಿಯಂತ್ರಕರದು ಇಕ್ಕಟ್ಟು: ದರ ಹಿಡಿದಿಟ್ಟರೆ ಕಂಪನಿ ಓಡಿಹೋಗುತ್ತದೆ, ಬಿಟ್ಟುಕೊಟ್ಟರೆ ಜನ ಬೈಯುತ್ತಾರೆ.

ಇಷ್ಟನ್ನೂ ತೂಗಿದರೆ, ಸವಕಳಿ ಲೆಕ್ಕ ಹಾಕುವುದು ತಪ್ಪೇನಲ್ಲ. ತಪ್ಪಿರುವುದು ಅದನ್ನು ಹೇಳದೆ ಮಾಡುವುದರಲ್ಲಿ. ಎಂಬತ್ತು ಪುಟದ ನವೀಕರಣ ಪತ್ರದ ಮಧ್ಯೆ ಒಂದು ಸಾಲು ಸೇರಿಸಿ, "ತಿಳಿಸಿದ್ದೇವೆ" ಎನ್ನುವುದು ತಿಳಿಸಿದಂತಲ್ಲ. "ನಿಮ್ಮ ಚಾವಣಿ ಇವತ್ತು ಹಾಳಾದರೆ ನಿಮಗೆ ಬರುವುದು ಇಷ್ಟು ಡಾಲರ್" ಎಂದು ಮೊದಲ ಪುಟದಲ್ಲೇ ಒಂದು ಸಂಖ್ಯೆ ಬರೆಯಲಿ. ಲೆಕ್ಕ ಕಂಪನಿಯ ಕಂಪ್ಯೂಟರಿನಲ್ಲಿ ಹೇಗೂ ಇದೆ. ಆ ಸಂಖ್ಯೆ ಕಂಡಿದ್ದರೆ ಎಷ್ಟೋ ಮನೆಯವರು ಬಿರುಗಾಳಿಗೆ ಮುಂಚೆಯೇ ಹಣ ಕೂಡಿಡುತ್ತಿದ್ದರು, ಇಲ್ಲವೇ ಬೇರೆ ಕಂಪನಿ ಹುಡುಕುತ್ತಿದ್ದರು.

ಇದರಿಂದ ಏನೇನಾಗುತ್ತದೆ

ಸಾಲ ಇರುವ ಮನೆಗೆ ವಿಮೆ ಇರಲೇಬೇಕು, ಬ್ಯಾಂಕಿನ ಷರತ್ತು ಅದು. ವಿಮೆ ತಪ್ಪಿದರೆ ಬ್ಯಾಂಕೇ ಒಂದು ಪಾಲಿಸಿ ತಂದು ಹೇರುತ್ತದೆ. ಅದು ದುಬಾರಿ, ಮತ್ತು ಮುಖ್ಯವಾಗಿ ಕಾಪಾಡುವುದು ಬ್ಯಾಂಕಿನ ಹಿತವನ್ನು. ಸಾಲ ತೀರಿದವರು, ಅಂದರೆ ಹೆಚ್ಚಾಗಿ ವಯಸ್ಸಾದವರು, ವಿಮೆಯನ್ನೇ ಬಿಟ್ಟುಬಿಡುತ್ತಾರೆ. ಕನ್ಸ್ಯೂಮರ್ ಫೆಡರೇಶನ್ ಆಫ್ ಅಮೆರಿಕ 2024ರಲ್ಲಿ ಕೊಟ್ಟ ವರದಿಯ ಪ್ರಕಾರ, ಸ್ವಂತ ಮನೆ ಇರುವ ಅಮೆರಿಕನ್ನರಲ್ಲಿ 13ಕ್ಕೆ ಒಬ್ಬರಿಗೆ ಮನೆ ವಿಮೆ ಇಲ್ಲ. ಒಂದು ಬಿರುಗಾಳಿ ಬಂದರೆ ಅವರ ಜೀವಮಾನದ ಗಳಿಕೆ ಹೋಯಿತು.

ಮನೆ ಮಾರಾಟದ ಮೇಲೂ ಪರಿಣಾಮ ಇದೆ. ಮಲಗುವ ಕೋಣೆ ಎಷ್ಟು ಎಂದು ಕೇಳುವ ಮೊದಲು ಚಾವಣಿಗೆ ಎಷ್ಟು ವರ್ಷ ಎಂದು ಕೇಳುವ ಕಾಲ ಬಂದಿದೆ. ವಿಮೆ ಸಿಗದ ಮನೆಗೆ ಸಾಲ ಸಿಗುವುದಿಲ್ಲ, ಸಾಲ ಸಿಗದ ಮನೆಗೆ ಕೊಳ್ಳುವವರು ಕಡಿಮೆ, ಬೆಲೆ ಇಳಿಯುತ್ತದೆ. ಚಾವಣಿ ಬದಲಿಸಲು ಹಣ ಇಲ್ಲದವರಿಗೆ ಮನೆ ಮಾರಿ ಹೋಗುವ ದಾರಿಯೂ ಕಿರಿದಾಗುತ್ತದೆ.

ಖಾಸಗಿಯವರು ಬಿಟ್ಟದ್ದನ್ನು ಸರ್ಕಾರಿ ಸಂಸ್ಥೆ ಹೊತ್ತುಕೊಂಡರೆ ಹೊರೆ ಮಾಯವಾಗುವುದಿಲ್ಲ. ಫ್ಲಾರಿಡಾದ ಸಿಟಿಜನ್ಸ್‌ಗೆ ಹಣ ಸಾಲದಿದ್ದರೆ ರಾಜ್ಯದ ಬೇರೆ ವಿಮಾದಾರರ ಮೇಲೆ, ಕಾರು ವಿಮೆಯವರ ಮೇಲೂ, ಹೆಚ್ಚುವರಿ ಶುಲ್ಕ ಹಾಕಲು ಕಾನೂನಿನಲ್ಲಿ ಅವಕಾಶ ಇದೆ. 2004 ಮತ್ತು 2005ರ ಚಂಡಮಾರುತಗಳ ನಷ್ಟ ತುಂಬಲು ಹಾಕಿದ ಶುಲ್ಕ ನಿಂತದ್ದು 2015ರಲ್ಲಿ. ಹತ್ತು ವರ್ಷದ ಹಿಂದಿನ ಗಾಳಿಗೆ, ಸ್ವಂತ ಮನೆಯೇ ಇಲ್ಲದವರೂ ಕಾರಿನ ಪ್ರೀಮಿಯಂ ಜೊತೆ ದುಡ್ಡು ಕೊಟ್ಟರು.

ಅಲಬಾಮ ಹಿಡಿದ ದಾರಿ

ಇಷ್ಟೆಲ್ಲದರ ನಡುವೆ ಒಂದು ಕಡೆಯಿಂದ ಒಳ್ಳೆಯ ಸುದ್ದಿ ಇದೆ. ವಿಮಾ ಉದ್ಯಮದ ಹಣದಿಂದ ನಡೆಯುವ ಐಬಿಎಚ್‌ಎಸ್ ಎಂಬ ಸಂಶೋಧನಾ ಸಂಸ್ಥೆ ಸೌತ್ ಕ್ಯಾರೊಲಿನಾದಲ್ಲಿ ಇದೆ. ನೂರಕ್ಕೂ ಹೆಚ್ಚು ದೈತ್ಯ ಫ್ಯಾನ್‌ಗಳನ್ನು ಒಂದೇ ಗೋಡೆಗೆ ಕೂರಿಸಿ, ನಿಜವಾದ ಮನೆ ಕಟ್ಟಿ, ಅದರ ಮೇಲೆ ಬಿರುಗಾಳಿ ಬೀಸಿ ನೋಡುತ್ತಾರೆ. ಅವರು ರೂಪಿಸಿದ "ಫೋರ್ಟಿಫೈಡ್" ಚಾವಣಿಯಲ್ಲಿ ದೊಡ್ಡ ಚಮತ್ಕಾರವೇನೂ ಇಲ್ಲ. ಹಲಗೆಗಳ ಸಂದಿಗಳನ್ನು ಟೇಪಿನಿಂದ ಮುಚ್ಚುತ್ತಾರೆ. ಶಿಂಗಲ್ ಹಾರಿದರೂ ನೀರು ಒಳಗೆ ಇಳಿಯಬಾರದು ಎಂದು. ನುಣುಪು ಮೊಳೆಯ ಬದಲು ಸುತ್ತ ಬಳೆಯಂಥ ಗೆರೆ ಇರುವ ಮೊಳೆ ಹೊಡೆಯುತ್ತಾರೆ. ಅದು ಮರವನ್ನು ಕಚ್ಚಿ ಹಿಡಿಯುತ್ತದೆ. ಗಾಳಿ ಮೊದಲು ಕೈಹಾಕುವುದು ಅಂಚಿಗೆ, ಆದ್ದರಿಂದ ಅಂಚನ್ನು ಬಿಗಿ ಮಾಡುತ್ತಾರೆ.

ಅಲಬಾಮ ರಾಜ್ಯ ಇಂಥ ಚಾವಣಿ ಹಾಕಿಸಿಕೊಳ್ಳಲು 10,000 ಡಾಲರ್‌ವರೆಗೆ ಸಹಾಯಧನ ಕೊಡುತ್ತದೆ. ಹಾಕಿಸಿದವರಿಗೆ ಕಂಪನಿಗಳು ಪ್ರೀಮಿಯಂ ಇಳಿಸಬೇಕು ಎಂದೂ ಅಲ್ಲಿ ಕಾನೂನಿದೆ. 2020ರಲ್ಲಿ ಸ್ಯಾಲಿ ಚಂಡಮಾರುತ ಅಲಬಾಮದ ಕರಾವಳಿಗೆ ಬಂತು. ಅಲ್ಲಿನ ಕ್ಲೇಮ್‌ಗಳನ್ನು ಅಲಬಾಮ ವಿಶ್ವವಿದ್ಯಾಲಯದವರು ಅಧ್ಯಯನ ಮಾಡಿ 2025ರಲ್ಲಿ ವರದಿ ಕೊಟ್ಟರು. ಫೋರ್ಟಿಫೈಡ್ ಮನೆಗಳಿಂದ ಬಂದ ಕ್ಲೇಮ್‌ಗಳು ಬೇರೆ ಮನೆಗಳಿಗಿಂತ ಶೇ 55ರಿಂದ 74ರಷ್ಟು ಕಡಿಮೆ. ಲೂಸಿಯಾನಾ ಕೂಡ 2023ರಿಂದ ಇದೇ ದಾರಿಗೆ ಬಂದಿದೆ. ಪತ್ರ ಕಳಿಸಿ ಮನೆಯವರನ್ನು ಹೊರಹಾಕುವುದಕ್ಕಿಂತ ಇದು ಸಾವಿರ ಪಾಲು ವಾಸಿ ಅಲ್ವಾ? ಅಪಾಯವನ್ನು ಒಬ್ಬರಿಂದ ಇನ್ನೊಬ್ಬರ ತಲೆಗೆ ದಾಟಿಸದೆ, ಅಪಾಯವನ್ನೇ ತಗ್ಗಿಸುತ್ತದೆ. ಆದರೆ ಸಹಾಯಧನದ ಹಣ ಬೇಗ ಮುಗಿಯುತ್ತದೆ, ಕೇಳುವವರು ಬಹಳ. ಆಲಿಕಲ್ಲಿಗೆ ಇನ್ನೂ ಗಟ್ಟಿ ಶಿಂಗಲ್ ಬೇಕು. 2 ಇಂಚಿನ ಉಕ್ಕಿನ ಗುಂಡನ್ನು 20 ಅಡಿ ಮೇಲಿಂದ ಬೀಳಿಸಿದರೂ ಬಿರಿಯದ "ಕ್ಲಾಸ್ 4" ಶಿಂಗಲ್ ಮಾರುಕಟ್ಟೆಯಲ್ಲಿದೆ, ಬೆಲೆ ಸ್ವಲ್ಪ ಜಾಸ್ತಿ.

ಪತ್ರ ಕೈಗೆ ಬಂದಾಗ

ಪಾಲಿಸಿ ನಿಲ್ಲಿಸುವ ಪತ್ರ ಬಂದರೆ ಗಾಬರಿಯಾಗಿ ಅವತ್ತೇ ಹೊಸ ಚಾವಣಿಗೆ ಸಹಿ ಹಾಕಬೇಕಿಲ್ಲ. ಕಾರಣ ಏನು, ಯಾವ ಫೋಟೊ ನೋಡಿ ಹೇಳಿದಿರಿ ಎಂದು ಬರಹದಲ್ಲಿ ಕೇಳಬಹುದು. ಎಷ್ಟೋ ಸಲ ಕಂಪನಿಯ ಕಡತದಲ್ಲಿ ಚಾವಣಿಯ ವಯಸ್ಸೇ ತಪ್ಪಿರುತ್ತದೆ. ಮನೆ ಕಟ್ಟಿದ ವರ್ಷವನ್ನೇ ಚಾವಣಿಯ ವರ್ಷ ಎಂದು ಬರೆದುಕೊಂಡಿರುತ್ತಾರೆ. ನಡುವೆ ಚಾವಣಿ ಬದಲಾಗಿದ್ದರೆ ಆಗ ಪಡೆದ ಪರ್ಮಿಟ್ ನಗರಾಡಳಿತದ ಕಚೇರಿಯಲ್ಲಿ ಸಿಗುತ್ತದೆ. ಹಿಂದಿನ ಮಾಲೀಕರು ಬದಲಿಸಿದ್ದರೂ ಸಿಗುತ್ತದೆ. ಅದರ ಜೊತೆ ಸ್ವತಂತ್ರ ತಪಾಸಕರ ವರದಿ ಕಳಿಸಿದರೆ ಕಂಪನಿ ತೀರ್ಮಾನ ಬದಲಿಸುವ ಸಾಧ್ಯತೆ ಇದೆ. ಬದಲಿಸದಿದ್ದರೆ ರಾಜ್ಯದ ವಿಮಾ ಇಲಾಖೆಗೆ ದೂರು ಕೊಡಬಹುದು. ಅದಕ್ಕೆ ದುಡ್ಡು ಬೇಕಿಲ್ಲ, ವಕೀಲರೂ ಬೇಕಿಲ್ಲ.

ಪತ್ರ ಬಾರದವರು ಪಾಲಿಸಿಯ ಮುಖ್ಯ ವಿವರಗಳಿರುವ ಡಿಕ್ಲರೇಶನ್ ಪುಟ ತೆರೆದು ಎರಡೇ ಸಾಲು ಹುಡುಕಲಿ: ಗಾಳಿ ಮತ್ತು ಆಲಿಕಲ್ಲಿನ ಡಿಡಕ್ಟಿಬಲ್ ಎಷ್ಟು ಶೇಕಡ, ಚಾವಣಿಗೆ ಕೊಡುವುದು ಯಾವ ಲೆಕ್ಕದಲ್ಲಿ. ಅರ್ಥವಾಗದಿದ್ದರೆ ಏಜೆಂಟರಿಗೆ ಫೋನ್ ಮಾಡಿ, "ನಾಳೆ ಆಲಿಕಲ್ಲು ಬಿದ್ದರೆ ನನಗೆ ಎಷ್ಟು ಡಾಲರ್ ಬರುತ್ತದೆ?" ಎಂದು ನೇರವಾಗಿ ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ. ಚಾವಣಿ ಚೆನ್ನಾಗಿರುವಾಗಲೇ ನಾಲ್ಕೂ ಕಡೆಯಿಂದ ತಾರೀಖು ಸಮೇತ ಫೋಟೊ ತೆಗೆದಿಟ್ಟುಕೊಳ್ಳಿ. ಮುಂದೆ "ಇದು ಹಳೇ ಸವೆತ" ಎಂದು ಯಾರಾದರೂ ಹೇಳಿದರೆ ಮಾತನಾಡುವುದು ಆ ಫೋಟೊಗಳೇ.

2000ರಲ್ಲಿ ಫ್ರಿಸ್ಕೊದ ಜನಸಂಖ್ಯೆ 34 ಸಾವಿರದಷ್ಟು ಇತ್ತು. 2020ಕ್ಕೆ 2 ಲಕ್ಷ ಮುಟ್ಟಿತು. ಡಾಲಸ್‌ನ ಉತ್ತರಕ್ಕೆ ಹೀಗೆ ಒಂದೇ ಸಮನೆ ಎದ್ದ ಬೀದಿಗಳಲ್ಲಿ, ಮನೆ ಕಟ್ಟಿದಾಗಿನ ಚಾವಣಿಯೇ ಇನ್ನೂ ಇರುವ ಕಡೆ, ಸಾಲಿಗೆ ಸಾಲೇ ಒಟ್ಟಿಗೆ 15 ವರ್ಷ ದಾಟುತ್ತಿದೆ. ಅಲ್ಲಿ ಆಲಿಕಲ್ಲಿನ ಕಾಲ ಶುರುವಾಗುವುದು ಮಾರ್ಚ್‌ನಲ್ಲಿ.